ಕಾಯಿಲೆಯಲ್ಲಿರುವವರು ರಾಕ್ ಸಂಗೀತಕ್ಕೆ ಹೋಗಬಹುದೇ?

2011ರ ಅಕ್ಟೋಬರ್ ತಿಂಗಳಲ್ಲಿ ತಿಪಟೂರು ಸೀಮೆಯ ರೈತರೊಬ್ಬರು ತಮ್ಮ ಮಗನನ್ನು ನಮ್ಮಲ್ಲಿಗೆ ಕರೆತಂದರು. ಇಪ್ಪತ್ತಮೂರರ ಪ್ರಾಯ. ಎರಡೂ ಮೂತ್ರಪಿಂಡಗಳು ಸೋತಿದ್ದರಿಂದ ಮಂಗಳವಾರ, ಗುರುವಾರ, ಶನಿವಾರಗಳಂದು ಡಯಾಲಿಸಿಸ್ ನಡೆಯುತ್ತಿತ್ತು. ಅವರು ಬಂದದ್ದು ಔಷಧಕ್ಕಾಗಿ ಅಲ್ಲ. ಅಮೆರಿಕದ ಮೆಟಾಲಿಕಾ ಎಂಬ ರಾಕ್ ತಂಡವು ಅಕ್ಟೋಬರ್ 30ರ ಭಾನುವಾರ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಲಿತ್ತು. 1981ರಲ್ಲಿ ಆರಂಭವಾದ ಆ ತಂಡವು ಭಾರತಕ್ಕೆ ಬರುತ್ತಿದ್ದುದು ಅದೇ ಮೊದಲು. ಹುಡುಗನು ಹೈಸ್ಕೂಲಿನ ದಿನಗಳಿಂದ ಕಾದಿದ್ದನು. “ಹೋಗಬೇಡ ಅಂತ ನೀವಾದ್ರೂ ಹೇಳಿ ಡಾಕ್ಟ್ರೇ” ಎಂದು ತಂದೆ ಬೇಡಿಕೊಂಡರು.

ನಾವು ಹಾಗೆಯೇ ಹೇಳಿ ಕಳುಹಿಸಿದೆವು. ವಾರ ಕಳೆಯುವಷ್ಟರಲ್ಲಿ ಅವರು ಮತ್ತೆ ಬಂದರು. ಮಗನು ಊಟ ಬಿಟ್ಟಿದ್ದನು. ಡಯಾಲಿಸಿಸ್ಸೂ ಬೇಡವೆಂದು ಹಟ ಹಿಡಿದಿದ್ದನು. ರೋಗವನ್ನು ಬೆಳೆಸುವವುಗಳಲ್ಲಿ ವಿಷಾದವೇ ಮುಖ್ಯವೆಂದು ಚರಕಾಚಾರ್ಯರು ಎಣಿಸಿದ್ದಾರೆ. ಓದಿ ಬಲ್ಲ ಸಂಗತಿಯಾದರೂ ಅವಸರದಲ್ಲಿ ನಮಗೆ ಅದು ನೆನಪಾಗಿರಲಿಲ್ಲ. ಕೂಡಲೇ ಅವನ ಮೂತ್ರಪಿಂಡ ತಜ್ಞರಿಗೆ ದೂರವಾಣಿ ಮಾಡಿದೆವು. ಇಂಥ ವಿಷಯದಲ್ಲಿ ತೀರ್ಮಾನವು ಅವರದೇ ಹೊರತು ನಮ್ಮದಲ್ಲ.

ತಜ್ಞರು ಮೊದಲು ನೋಡಿದ್ದು ವಾರವನ್ನು. ಒಂದು ಡಯಾಲಿಸಿಸ್ಸಿಗೂ ಮತ್ತೊಂದಕ್ಕೂ ನಡುವೆ ದೇಹದಲ್ಲಿ ನೀರು, ಪೊಟ್ಯಾಸಿಯಂ ಮತ್ತು ಇತರ ಕಲ್ಮಷಗಳು ಕೂಡುತ್ತಲೇ ಹೋಗುತ್ತವೆ. ಶನಿವಾರ ರಕ್ತಶುದ್ಧಿಯಾದ ಕಾರಣ ಭಾನುವಾರ ಸಂಜೆಗೆ ಅವು ಇನ್ನೂ ಮಿತಿಯಲ್ಲಿರುತ್ತವೆ. ಅದೇ ಕಾರ್ಯಕ್ರಮ ಸೋಮವಾರ ರಾತ್ರಿಯಾಗಿದ್ದರೆ ತಾವು ಒಪ್ಪುತ್ತಿರಲಿಲ್ಲವೆಂದು ಅವರು ಸ್ಪಷ್ಟವಾಗಿ ಹೇಳಿದರು. ಜ್ವರವಿದ್ದರೆ, ಉಸಿರು ಕಟ್ಟುತ್ತಿದ್ದರೆ, ಕಾಲು ಊದಿಕೊಂಡಿದ್ದರೆ ಹೊರಡುವಂತಿಲ್ಲ ಎಂಬುದೂ ಷರತ್ತಾಯಿತು.

ಕಷ್ಟವಿದ್ದದ್ದು ಬಾಯಾರಿಕೆಯಲ್ಲಿ. ಜನಸಂದಣಿಯಲ್ಲಿ ಗಂಟೆಗಟ್ಟಲೆ ಇದ್ದವನಿಗೆ ನೀರಡಿಕೆಯಾಗುವುದು ಸಹಜ. ಆದರೆ ಮೂತ್ರವು ಬಹುತೇಕ ನಿಂತುಹೋದವನು ಕುಡಿದ ನೀರು ಹೊರಹೋಗುವ ದಾರಿಯಿಲ್ಲದೆ ಶ್ವಾಸಕೋಶದವರೆಗೂ ತುಂಬಬಲ್ಲದು. ಆದುದರಿಂದ ಅಂದಿನ ಪಾಲಿನ ನೀರನ್ನು ಅಳೆದು ಶೀಶೆಗೆ ತುಂಬಿಸಿದೆವು. ಉಪ್ಪು ಹಾಕಿದ ಕುರುಕಲು ತಿಂಡಿ ಬೇಡವೆಂದೆವು, ಏಕೆಂದರೆ ಉಪ್ಪೇ ದಾಹದ ತಾಯಿ. ತಾಯಿಯವರು ತೋಟದ ಎಳನೀರು ಕೊಟ್ಟು ಕಳುಹಿಸುವುದಾಗಿ ಹೇಳಿದಾಗ ನಾವು ಗಾಬರಿಯಾದೆವು. ಆರೋಗ್ಯವಂತರಿಗೆ ಅಮೃತವಾದ ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳವಾಗಿದೆ. ಮೂತ್ರಪಿಂಡ ಸೋತವರಲ್ಲಿ ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಿ ನಿಲ್ಲಬಹುದು. ಬಾಳೆಹಣ್ಣು, ಹಣ್ಣಿನ ರಸಗಳ ವಿಷಯವೂ ಹಾಗೆಯೇ. ತೆಂಗಿನ ಸೀಮೆಯ ನಮ್ಮ ಓದುಗರು ಈ ಮಾತನ್ನು ಮತ್ತೊಮ್ಮೆ ಓದಬೇಕೆಂದು ಪ್ರಾರ್ಥಿಸುತ್ತೇವೆ.

ಡಯಾಲಿಸಿಸ್ಸಿಗಾಗಿ ಎಡಗೈಯಲ್ಲಿ ಧಮನಿಯನ್ನೂ ಸಿರೆಯನ್ನೂ ಜೋಡಿಸಿ ಮಾಡಿದ ಫಿಸ್ಟುಲಾ ಇತ್ತು. ಅಲ್ಲಿ ಬೆರಳಿಟ್ಟರೆ ಜೇನುಗೂಡಿನಂತೆ ಮಿಡಿಯುತ್ತದೆ. ಬಹಳ ಹೊತ್ತು ಅದುಮಿದರೆ ರಕ್ತ ಹೆಪ್ಪುಗಟ್ಟಿ ಆ ಮಿಡಿತ ನಿಲ್ಲಬಹುದು. ಆದುದರಿಂದ ವೇದಿಕೆಯ ಮುಂದಿನ ನೂಕುನುಗ್ಗಲು ಬೇಡ, ಹಿಂದೆ ಅಂಚಿನಲ್ಲಿ ನಿಲ್ಲತಕ್ಕದ್ದು ಎಂದೆವು. ಅಂದೇ ವಾರ, 28ರಂದು, ದೆಹಲಿ ಬಳಿಯ ಗುರಗಾಂವ್‌ನಲ್ಲಿ ಇದೇ ತಂಡದ ಕಾರ್ಯಕ್ರಮವು ನಡೆಯದೆ ಗದ್ದಲವಾಯಿತು. ಆ ಸುದ್ದಿ ಕೇಳಿ ತಾಯಿಯವರು ರಾತ್ರಿಯೆಲ್ಲ ನಿದ್ರಿಸಲಿಲ್ಲವಂತೆ. ಕೊನೆಗೆ ತಂದೆಯೇ ಜೊತೆಗೆ ಹೊರಟರು.

ಉಳಿದದ್ದು ಶಬ್ದ. ಮೇಘಗರ್ಜನೆ, ನಗಾರಿಗಳಂಥ ಮಹಾಶಬ್ದವನ್ನು ಮಿತಿಮೀರಿ ಕೇಳುವುದನ್ನು ಚರಕಸಂಹಿತೆಯು ಕಿವಿಯ ಅತಿಯೋಗವೆಂದು ಕರೆದು ರೋಗಕಾರಣಗಳಲ್ಲಿ ಸೇರಿಸಿದೆ. ಇಂದಿನ ಲೆಕ್ಕದಂತೆ 85 ಡೆಸಿಬೆಲ್ ಶಬ್ದವನ್ನು ಎಂಟು ಗಂಟೆ ತಾಳುವ ಕಿವಿಗೆ 100 ಡೆಸಿಬೆಲ್ ಆದರೆ ಕಾಲು ಗಂಟೆಯಷ್ಟೇ ಕ್ಷೇಮ. ರಾಕ್ ಸಂಗೀತವು ಈ ಮಟ್ಟವನ್ನು ಸುಲಭವಾಗಿ ದಾಟುತ್ತದೆ. ಜೆಂಟಮೈಸಿನ್‌ನಂಥ ಚುಚ್ಚುಮದ್ದು ಪಡೆದ ಮೂತ್ರಪಿಂಡ ರೋಗಿಗಳ ಕಿವಿಯು ಮೊದಲೇ ದುರ್ಬಲವಾಗಿರಬಹುದು. ಹತ್ತಿಯ ಉಂಡೆ ಸಾಲದು. ಔಷಧದ ಅಂಗಡಿಯಲ್ಲಿ ದೊರೆಯುವ ಮೆತ್ತನೆಯ ಫೋಮ್ ಬೆಣೆಗಳೇ ಬೇಕು. ಎರಡು ಜೊತೆ ತರಿಸಿಕೊಟ್ಟೆವು.

ಮಂಗಳವಾರ ತೂಕ ನೋಡಿದಾಗ ಎರಡು ಕಿಲೋ ಏರಿತ್ತು, ಎಂದಿನಷ್ಟೇ. ಫಿಸ್ಟುಲಾ ಚೆನ್ನಾಗಿ ಮಿಡಿಯುತ್ತಿತ್ತು. ನಾಲ್ಕು ಗಂಟೆಯ ಡಯಾಲಿಸಿಸ್ಸಿನುದ್ದಕ್ಕೂ ಹುಡುಗನು ಪಕ್ಕದ ಹಾಸಿಗೆಯವರಿಗೆ ಆ ರಾತ್ರಿಯ ಕಥೆ ಹೇಳಿದನಂತೆ. ತಂದೆಯವರು ಮಾತ್ರ ಬೆಣೆ ಬೇಡವೆಂದು ಹತ್ತಿಯನ್ನೇ ಇಟ್ಟುಕೊಂಡಿದ್ದರು. ಎರಡು ದಿನ ಕಿವಿ ಗುಂಯ್‌ಗುಟ್ಟುತ್ತಿದೆಯೆಂದು ನಮ್ಮಲ್ಲಿಗೆ ಔಷಧಕ್ಕೆ ಬಂದವರು ಅವರೇ.