ಪಿಂಚಣಿ, ನೆರವು ಮತ್ತು ಅಧ್ಯಕ್ಷರ ಅಂಕಿತ

1854ರ ಮೇ 3ರಂದು ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ಪಿಯರ್ಸ್, ಕಾಂಗ್ರೆಸ್ಸಿನ ಉಭಯ ಸದನಗಳು ಅಂಗೀಕರಿಸಿದ್ದ ಮಸೂದೆಯೊಂದನ್ನು ಅಂಕಿತ ಹಾಕದೆ ಹಿಂದಿರುಗಿಸಿದರು. ಒಂದು ಕೋಟಿ 22 ಲಕ್ಷ ಎಕರೆಗೂ ಹೆಚ್ಚಿನ ಸರ್ಕಾರಿ ಭೂಮಿಯನ್ನು ರಾಜ್ಯಗಳಿಗೆ ಹಂಚಿ, ಅದರಿಂದ ಬರುವ ಆದಾಯವನ್ನು ನಿರ್ಗತಿಕ ಮಾನಸಿಕ ಅಸ್ವಸ್ಥರು, ಅಂಧರು ಹಾಗೂ ಕಿವುಡರ ಆರೈಕೆಗೆ ವಿನಿಯೋಗಿಸುವುದು ಆ ಮಸೂದೆಯ ಉದ್ದೇಶವಾಗಿತ್ತು. ಸೆರೆಮನೆಗಳಲ್ಲಿಯೂ ಅನಾಥಾಲಯಗಳಲ್ಲಿಯೂ ಸರಪಳಿಗೆ ಬಿಗಿಯಲ್ಪಟ್ಟ ಮನೋರೋಗಿಗಳನ್ನು ಕಣ್ಣಾರೆ ಕಂಡಿದ್ದ ಡೊರೊಥಿಯಾ ಡಿಕ್ಸ್ ಎಂಬ ಸುಧಾರಕಿ ಹಲವು ವರ್ಷ ಕಾಂಗ್ರೆಸ್ ಸದಸ್ಯರ ಬಾಗಿಲು ತಟ್ಟಿ ಪಡೆದ ಫಲವಿದು.

ಹೃದಯ ಒಪ್ಪಿದರೂ ಸಂವಿಧಾನ ಒಪ್ಪದು ಎಂಬುದೇ ಪಿಯರ್ಸ್ ವಾದದ ತಿರುಳು. ದೀನರ ಪೋಷಣೆ ರಾಜ್ಯಗಳ ಹೊಣೆ. ಇಂದು ಮನೋರೋಗಿಗಳಿಗೆ ನೆರವಿತ್ತರೆ ನಾಳೆ ಎಲ್ಲ ಬಡವರ ಭಾರವೂ ಕೇಂದ್ರದ ತಲೆಯ ಮೇಲೆ ಬೀಳುತ್ತದೆ ಎಂದು ಅವರು ಹೇಳಿದರು. ವಿಟೋ ಮೀರಲು ಬೇಕಾದ ಮೂರನೇ ಎರಡರಷ್ಟು ಬಹುಮತ ದೊರೆಯಲಿಲ್ಲ. ಆದರೆ ಒಂದು ವರ್ಷ ಕಳೆಯುವ ಮೊದಲೇ, 1855ರ ಮಾರ್ಚ್‌ನಲ್ಲಿ, ಕೇವಲ 14 ದಿನ ಸೇವೆ ಸಲ್ಲಿಸಿದ ಸೈನಿಕನಿಗೂ 160 ಎಕರೆ ಭೂಮಿ ನೀಡುವ ಕಾಯಿದೆ ಅದೇ ಅಧ್ಯಕ್ಷರ ಕಾಲದಲ್ಲಿ ಜಾರಿಗೆ ಬಂತು. ಸೈನಿಕನಿಗೆ ಕೊಡುವುದು ಋಣ ಸಂದಾಯ, ಅಂಗವಿಕಲನಿಗೆ ಕೊಡುವುದು ದಾನ ಎಂಬ ಈ ಭೇದ ಮುಂದೆ ಬಹುಕಾಲ ಉಳಿಯಿತು.

ಆದರೆ ಯಾವ ಸೈನಿಕನ ಋಣ? ಈ ಪ್ರಶ್ನೆ ಗ್ರೋವರ್ ಕ್ಲೀವ್‌ಲ್ಯಾಂಡ್ ಕಾಲದಲ್ಲಿ ತೀವ್ರವಾಯಿತು. 1861-65ರ ಅಂತರ್ಯುದ್ಧದ ಬಳಿಕ ಪಿಂಚಣಿ ಕಚೇರಿಯಿಂದ ತಿರಸ್ಕೃತರಾದವರು ತಮ್ಮ ಪ್ರತಿನಿಧಿಯನ್ನು ಹಿಡಿದು, ಒಬ್ಬೊಬ್ಬರ ಹೆಸರಿಗೂ ಪ್ರತ್ಯೇಕ ಮಸೂದೆ ಮಾಡಿಸಿಕೊಳ್ಳುವ ಪರಿಪಾಠ ಬೆಳೆದಿತ್ತು. ಸದನಗಳು ಇವನ್ನು ರಾಶಿಗಟ್ಟಲೆ ಅಂಗೀಕರಿಸುತ್ತಿದ್ದವು, ಓದುವವರಿರಲಿಲ್ಲ. ಕ್ಲೀವ್‌ಲ್ಯಾಂಡ್ ಓದಿದರು. 1885ರಿಂದ 1889ರವರೆಗಿನ ಅವಧಿಯಲ್ಲಿ ಇಂಥ 200ಕ್ಕೂ ಹೆಚ್ಚು ಮಸೂದೆಗಳಿಗೆ ವಿಟೋ ಹಾಕಿದರು. 1887ರ ಫೆಬ್ರವರಿ 11ರಂದು, ಯುದ್ಧಕ್ಕೆ ಸಂಬಂಧಿಸದ ಅಂಗವೈಕಲ್ಯಕ್ಕೂ ಪಿಂಚಣಿ ನೀಡುವ ಸಾಮಾನ್ಯ ಮಸೂದೆಯನ್ನೂ ತಳ್ಳಿಹಾಕಿದರು. ಸುಳ್ಳು ಬೇಡಿಕೆಗಳಿಗೆ ಅದು ಹೆದ್ದಾರಿಯಾದೀತೆಂಬ ಅವರ ಆತಂಕ ನಿರಾಧಾರವೇನಲ್ಲ. ಆದರೆ ಸ್ವತಃ ಅವರೇ ಯುದ್ಧಕಾಲದಲ್ಲಿ ಹಣ ತೆತ್ತು ಬದಲಿ ವ್ಯಕ್ತಿಯನ್ನು ಸೇನೆಗೆ ಕಳುಹಿಸಿದ್ದರು. ಕಾನೂನು ಅದಕ್ಕೆ ಅವಕಾಶ ನೀಡಿತ್ತು. ಮಾಜಿ ಸೈನಿಕರ ಸಂಘಗಳು ಮಾತ್ರ ಅದನ್ನು ಮರೆಯಲಿಲ್ಲ.

1888ರ ಚುನಾವಣೆಯಲ್ಲಿ ಸುಂಕದ ಪ್ರಶ್ನೆಯೇ ಪ್ರಧಾನವಾಗಿದ್ದರೂ ಪಿಂಚಣಿಯ ಕೋಪವೂ ಸೇರಿಕೊಂಡಿತು. ಗೆದ್ದ ಬೆಂಜಮಿನ್ ಹ್ಯಾರಿಸನ್ ಯುದ್ಧದಲ್ಲಿ ಹೋರಾಡಿದವರು. 1890ರ ಜೂನ್ 27ರಂದು ಅವರು ಸಹಿ ಹಾಕಿದ ಕಾಯಿದೆ, 90 ದಿನ ಸೇವೆ ಸಲ್ಲಿಸಿ, ಯಾವುದೇ ಕಾರಣದಿಂದ ಮೈಮುರಿದು ದುಡಿಯಲಾಗದ ಮಾಜಿ ಸೈನಿಕನಿಗೆ ತಿಂಗಳಿಗೆ 6ರಿಂದ 12 ಡಾಲರ್ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಪಿಂಚಣಿದಾರರ ಸಂಖ್ಯೆ ಹತ್ತು ಲಕ್ಷದ ಸಮೀಪಕ್ಕೆ ಬಂದು, ಕೇಂದ್ರದ ಆದಾಯದ ಸುಮಾರು ಶೇ. 40ರಷ್ಟನ್ನು ನುಂಗತೊಡಗಿತು. 1904ರಲ್ಲಿ ಥಿಯೋಡೋರ್ ರೂಸ್‌ವೆಲ್ಟ್ ಮಸೂದೆಯ ಗೊಡವೆಗೂ ಹೋಗಲಿಲ್ಲ. 62 ವರ್ಷ ತುಂಬಿದವನು ಅರ್ಧ ಅಂಗವಿಕಲ, 70 ತುಂಬಿದವನು ಪೂರ್ಣ ಅಂಗವಿಕಲ ಎಂದು ಬರಿಯ ಆಡಳಿತಾಜ್ಞೆಯ ಮೂಲಕವೇ ಘೋಷಿಸಿ ವೃದ್ಧಾಪ್ಯವನ್ನು ಪಿಂಚಣಿಯೊಳಗೆ ತಂದರು. ಅಂದಹಾಗೆ, ಅಂತರ್ಯುದ್ಧದ ಕೊನೆಯ ಪಿಂಚಣಿ ನಿಂತದ್ದು 2020ರಲ್ಲಿ. ಸೈನಿಕನೊಬ್ಬನ ಅಶಕ್ತ ಮಗಳಿಗೆ ಅಲ್ಲಿಯವರೆಗೂ ತಿಂಗಳಿಗೆ 73 ಡಾಲರ್ ಸಲ್ಲುತ್ತಿತ್ತು.

ಸೈನಿಕರಲ್ಲದ ಅಂಗವಿಕಲರಿಗೆ ಪಿಯರ್ಸ್ ಮುಚ್ಚಿದ ಬಾಗಿಲು ತೆರೆಯಲು ಎಂಟು ದಶಕ ಬೇಕಾಯಿತು. 1935ರ ಆಗಸ್ಟ್ 14ರಂದು ಫ್ರಾಂಕ್ಲಿನ್ ರೂಸ್‌ವೆಲ್ಟ್ ಸಹಿ ಮಾಡಿದ ಸಾಮಾಜಿಕ ಭದ್ರತಾ ಕಾಯಿದೆ, ಅಂಧರ ನೆರವಿಗಾಗಿ ರಾಜ್ಯಗಳಿಗೆ ಕೇಂದ್ರದ ಹಣ ಒದಗಿಸಿತು. ಪೋಲಿಯೋದಿಂದ ಕಾಲಿನ ಬಲ ಕಳೆದುಕೊಂಡಿದ್ದ ಇದೇ ರೂಸ್‌ವೆಲ್ಟ್ 1933ರಲ್ಲಿ ಮಿತವ್ಯಯದ ಹೆಸರಿನಲ್ಲಿ ಮಾಜಿ ಸೈನಿಕರ ಸೌಲಭ್ಯಗಳಿಗೆ ಕತ್ತರಿ ಹಾಕಿದ್ದರು. 1935ರ ಮೇ ತಿಂಗಳಲ್ಲಿ, ಮೊದಲ ಮಹಾಯುದ್ಧದ ಯೋಧರ ಬೋನಸ್ಸನ್ನು ಕೂಡಲೇ ಪಾವತಿಸುವ ಮಸೂದೆಗೆ ಕಾಂಗ್ರೆಸ್ಸಿಗೇ ಹೋಗಿ ವಿಟೋ ಸಂದೇಶ ಓದಿದರು. ಮರುವರ್ಷ ಕಾಂಗ್ರೆಸ್ ಅವರನ್ನು ಮೀರಿ ಬೋನಸ್ ಕೊಡಿಸಿತು.

ರಿಚರ್ಡ್ ನಿಕ್ಸನ್ ಪುನರ್ವಸತಿ ಮಸೂದೆಯನ್ನು ವೆಚ್ಚದ ಕಾರಣ ನೀಡಿ 1972ರಲ್ಲೊಮ್ಮೆ, 1973ರಲ್ಲೊಮ್ಮೆ ತಿರಸ್ಕರಿಸಿ, ತಿದ್ದುಪಡಿಯಾದ ಮೇಲೆ 1973ರ ಸೆಪ್ಟೆಂಬರ್ 26ರಂದು ಅಂಕಿತ ಹಾಕಿದರು. ಚರ್ಚೆಯೆಲ್ಲ ಹಣದ ಸುತ್ತಲೇ ನಡೆದಿದ್ದರಿಂದ, ಕೊನೆಯಲ್ಲಿದ್ದ 504ನೇ ಸೆಕ್ಷನ್ ಹೆಚ್ಚು ಗಮನ ಸೆಳೆದಿರಲಿಲ್ಲ. ಕೇಂದ್ರದ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವೈಕಲ್ಯದ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು ಎಂಬ ಆ ಒಂದೇ ವಾಕ್ಯಕ್ಕೆ ನಿಯಮಾವಳಿ ರೂಪಿಸಲು ಸರ್ಕಾರ ಮೀನಮೇಷ ಎಣಿಸಿತು. 1977ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕೇಂದ್ರ ಸರ್ಕಾರಿ ಕಟ್ಟಡದೊಳಗೆ ಅಂಗವಿಕಲರು ಮೂರು ವಾರಕ್ಕೂ ಹೆಚ್ಚು ಕಾಲ ಧರಣಿ ಕುಳಿತ ಬಳಿಕ, ಏಪ್ರಿಲ್ 28ರಂದು ನಿಯಮಗಳಿಗೆ ಸಹಿ ಬಿತ್ತು. ಖಾಸಗಿ ವಲಯಕ್ಕೂ ಈ ತತ್ತ್ವವನ್ನು ವಿಸ್ತರಿಸಿದ ಕಾಯಿದೆಗೆ ಜಾರ್ಜ್ ಬುಷ್ 1990ರ ಜುಲೈ 26ರಂದು ಅಂಕಿತ ಹಾಕಿದರು.

ಕ್ಲೀವ್‌ಲ್ಯಾಂಡ್ ಎತ್ತಿದ್ದ ಪ್ರಶ್ನೆ ಈ ಶತಮಾನದಲ್ಲಿಯೂ ಮರಳಿತು. ಇರಾಕ್ ಮತ್ತು ಅಫ್ಘಾನಿಸ್ತಾನಗಳಲ್ಲಿ ಕಸ ಸುಡುವ ಗುಂಡಿಗಳ ಹೊಗೆ ಸೇವಿಸಿದ ಸೈನಿಕರಿಗೆ ವರ್ಷಗಳ ನಂತರ ಕ್ಯಾನ್ಸರ್ ಬಂದರೆ, ಅದಕ್ಕೆ ಆ ಹೊಗೆಯೇ ಕಾರಣವೆಂದು ಸಾಬೀತುಪಡಿಸಬೇಕಾದವರು ಯಾರು? 2022ರ ಆಗಸ್ಟ್ 10ರಂದು ಜೋ ಬೈಡನ್ ಸಹಿ ಮಾಡಿದ ಕಾಯಿದೆ ಇಂಥ 20ಕ್ಕೂ ಹೆಚ್ಚು ಕಾಯಿಲೆಗಳನ್ನು ಸೇವೆಯಿಂದಲೇ ಬಂದವೆಂದು ಪರಿಗಣಿಸಿ, ರುಜುವಾತಿನ ಹೊರೆಯನ್ನು ರೋಗಿಯ ಹೆಗಲಿನಿಂದ ಇಳಿಸಿತು.