ಹೊಲವನ್ನು ಕಲ್ಲುಗಣಿಗೆ ಕೊಡುವ ಮುನ್ನ: ಗುಂಡಿಗೆ ಜಾಮೀನು ಯಾರು?



ತೊಗರಿ, ಉದ್ದು, ಹೆಸರು, ಸೋಯಾ ಬಿತ್ತುವ ನೀವು ಬೆಳೆ ವಿಮೆಯ ಕಂತು ಕಟ್ಟುವುದನ್ನು ಬಲ್ಲಿರಿ. 2016ರಿಂದ ಜಾರಿಯಲ್ಲಿರುವ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಕಾಳು ಮತ್ತು ಎಣ್ಣೆಕಾಳು ಬೆಳೆಗಳಿಗೆ ರೈತನ ಪಾಲು ವಿಮಾ ಮೊತ್ತದ ಶೇ. 2. ಮಳೆ ಕೈಕೊಟ್ಟರೆ ನಷ್ಟವೆಲ್ಲ ಒಬ್ಬನ ತಲೆಯ ಮೇಲೆ ಬೀಳಬಾರದೆಂದೇ ಈ ಏರ್ಪಾಡು. ಆದರೆ ಅದೇ ಹೊಲವನ್ನು ಕಲ್ಲು ತೆಗೆಯಲು ಕೊಡುವಾಗ ಎಕರೆಗೆ ಎಷ್ಟು ಎಂದು ಮಾತ್ರ ಕೇಳಿ ಸಹಿ ಹಾಕಿದರೆ ಸಾಲದು. ಕಲ್ಲು ಮುಗಿದ ಮೇಲೆ ಉಳಿಯುವ ಗುಂಡಿಗೆ ಜಾಮೀನು ಯಾರು ಎಂದೂ ಕೇಳಬೇಕು.

ನಮ್ಮ ನೆಲದ ಗುಣ

ಬಸವಕಲ್ಯಾಣ, ಹುಮನಾಬಾದ್ ಕಡೆ ನೆಲದಡಿ ಇರುವುದು ಕಪ್ಪು ಬಂಡೆ. ಎತ್ತರದ ಜಾಗಗಳಲ್ಲಿ ಅದರ ಮೇಲೆ ಕೆಂಪು ಕಲ್ಲಿನ ಹೊದಿಕೆ ಇದೆ. ಕೆಂಪು ಕಲ್ಲನ್ನು ಕೊಯ್ದು ಗೋಡೆಗೆ ಬಳಸುತ್ತಾರೆ. ಕಪ್ಪು ಕಲ್ಲನ್ನು ಒಡೆದು ರಸ್ತೆ, ರೈಲು ಹಾದಿ, ಕಟ್ಟಡಗಳಿಗೆ ಖಡಿ ಮಾಡುತ್ತಾರೆ.

ಕೆಂಪು ಕಲ್ಲು ಬರೀ ಕಲ್ಲಲ್ಲ, ನೀರಿನ ಉಗ್ರಾಣವೂ ಹೌದು. ಅದರ ರಂಧ್ರಗಳು ಮಳೆನೀರನ್ನು ಹೀರಿಕೊಂಡು, ಕಪ್ಪು ಬಂಡೆಗೆ ತಾಗಿದಲ್ಲಿ ಸೆಲೆಯಾಗಿ ಹೊರಬಿಡುತ್ತವೆ. ಬೀದರಿನ ನೌಬಾದಿನಲ್ಲಿರುವ ಹಳೆಯ ಸುರಂಗ ಬಾವಿ ಈ ಗುಣವನ್ನು ಅರಿತೇ ಕೊರೆದದ್ದು. ಆದಕಾರಣ ಈ ಹೊದಿಕೆಯನ್ನು ಆಳಕ್ಕೆ ಕೊಯ್ದರೆ ನಿಮ್ಮ ಹೊಲದ ಜೊತೆಗೆ ಕೆಳಗಿನವರ ಬಾವಿಯ ನೀರಿಗೂ ಕುತ್ತು ಬರಬಹುದು.

ಗುಂಡಿಯ ಲೆಕ್ಕ

ಒಂದು ಎಕರೆ ಎಂದರೆ 43,560 ಚದರ ಅಡಿ. ಹತ್ತು ಅಡಿ ತೋಡಿದರೆ 4,35,600 ಘನ ಅಡಿ, ಅಂದರೆ 4,356 ಬ್ರಾಸ್. ಟ್ರ್ಯಾಕ್ಟರಿನ ಒಂದು ಟ್ರಾಲಿಗೆ ಒಂದು ಬ್ರಾಸ್ ಎಂದು ಹಿಡಿಯಿರಿ. ಗುಂಡಿ ತುಂಬಲು 4,356 ಟ್ರಾಲಿ ಮಣ್ಣು ಬೇಕು. ಟ್ರಾಲಿಗೆ 500 ರೂಪಾಯಿಯಂತೆ ಲೆಕ್ಕ ಹಾಕಿದರೂ ಖರ್ಚು 21,78,000 ರೂಪಾಯಿ. ನಿಮ್ಮ ಊರಿನ ದರ ಹಾಕಿ ನೀವೇ ಗುಣಿಸಿ ನೋಡಿ. ನಿಮಗೆ ಬರುವ ಗುತ್ತಿಗೆ ಹಣವನ್ನು ಇದರ ಪಕ್ಕದಲ್ಲಿಟ್ಟು ತೂಗಿ.

ಕಾನೂನು ಏನು ಹೇಳುತ್ತದೆ?

ಕಬ್ಬಿಣದ ಅದಿರಿನಂಥ ಪ್ರಮುಖ ಖನಿಜಗಳ ಗಣಿಗಳಿಗೆ ಕೇಂದ್ರದ 2017ರ ನಿಯಮಗಳಿವೆ. ಗಣಿ ಮುಚ್ಚುವಾಗ ನೆಲವನ್ನು ಸರಿಪಡಿಸುವ ಹೊಣೆಗೆ ಗಣಿಯವನು ಮೊದಲೇ ಹಣದ ಭದ್ರತೆ ಕೊಡತಕ್ಕದ್ದು. 2021ರ ತಿದ್ದುಪಡಿಯಲ್ಲಿ ಈ ಮೊತ್ತವನ್ನು ಹೆಕ್ಟೇರಿಗೆ ‘ಎ’ ವರ್ಗದ ಗಣಿಗೆ 5 ಲಕ್ಷ, ‘ಬಿ’ ವರ್ಗಕ್ಕೆ 3 ಲಕ್ಷ ರೂಪಾಯಿಗೆ ಏರಿಸಲಾಯಿತು. ಗಣಿ ಮುಚ್ಚುವ ಅಂತಿಮ ಯೋಜನೆಯನ್ನು ವೇಳೆಗೆ ಸಲ್ಲಿಸದಿದ್ದರೆ ಅದನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು.

ಆದರೆ ಕಟ್ಟಡ ಕಲ್ಲು ಉಪಖನಿಜ. 2015ರಲ್ಲಿ ಕೆಂಪು ಕಲ್ಲೂ ಆ ಪಟ್ಟಿಗೆ ಸೇರಿತು. ಉಪಖನಿಜಗಳಿಗೆ ಕೇಂದ್ರದ ಈ ನಿಯಮ ಅನ್ವಯಿಸದು. ಅವು ರಾಜ್ಯದ 1994ರ ಉಪಖನಿಜ ನಿಯಮಗಳಿಗೆ ಒಳಪಟ್ಟಿವೆ. ಇನ್ನೊಂದು ಮಾತು: ಸರ್ಕಾರ ಕಟ್ಟಿಸಿಕೊಳ್ಳುವ ಠೇವಣಿ ಸರ್ಕಾರದ ಕೈಯಲ್ಲಿರುತ್ತದೆ, ನಿಮ್ಮ ಕೈಯಲ್ಲಲ್ಲ. ನಿಮ್ಮ ಹೊಲದ ರಕ್ಷಣೆ ನಿಮ್ಮ ಕರಾರಿನಲ್ಲೇ ಇರಬೇಕು.

ಬಳ್ಳಾರಿಯ ಪಾಠ

2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಣಿಗಳನ್ನು ಮೂರು ವರ್ಗ ಮಾಡಿ, ಕೆಟ್ಟ ವರ್ಗದವನ್ನು ರದ್ದುಪಡಿಸಿತು. ನಡುವಿನ ವರ್ಗದವರು ಗಡಿ ಮೀರಿ ತೋಡಿದ ಗುಂಡಿಗೆ ಹೆಕ್ಟೇರಿಗೆ 5 ಕೋಟಿ, ಗಡಿಯಾಚೆ ಸುರಿದ ಮಣ್ಣಿಗೆ ಹೆಕ್ಟೇರಿಗೆ 1 ಕೋಟಿ ರೂಪಾಯಿ ಕಟ್ಟಬೇಕಾಯಿತು. ಮೊದಲು ಹಣ ಮತ್ತು ನೆಲ ಸರಿಪಡಿಸುವ ಯೋಜನೆ, ಆಮೇಲೆ ಕೆಲಸ ಎಂಬುದೇ ಅಲ್ಲಿಯ ಕ್ರಮ. 2020ರ ಜನವರಿ 8ರಂದು ಅದೇ ಕೋರ್ಟು, ಗಣಿ ಮುಗಿದ ನೆಲದಲ್ಲಿ ದನಕರುಗಳ ಮೇವಿಗಾಗಿ ಗುತ್ತಿಗೆದಾರನೇ ತನ್ನ ಖರ್ಚಿನಲ್ಲಿ ಹುಲ್ಲು ಬೆಳೆಸಬೇಕೆಂಬ ಷರತ್ತು ಹಾಕುವಂತೆ ಹೇಳಿತು. ಈ ಕ್ರಮವನ್ನು ನೀವೂ ನಿಮ್ಮ ಕರಾರಿನಲ್ಲಿ ಬರೆಸಬಹುದು.

ಜಾಮೀನು ಬೇರೆ, ವಿಮೆ ಬೇರೆ

ಜಾಮೀನು ಗೊತ್ತಿರುವ ಕೆಲಸಕ್ಕೆ: ಗುಂಡಿ ಉಳಿಯುವುದು ಖಚಿತ, ಅದನ್ನು ಸರಿಪಡಿಸಲು ಹಣ ಬೇಕು. ವಿಮೆ ಅನಿರೀಕ್ಷಿತ ಅಪಘಾತಕ್ಕೆ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನ ಕಲ್ಲುಗಣಿ ಪ್ರದೇಶದಲ್ಲಿ ಸ್ಫೋಟಕಗಳು ಸಿಡಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಸುತ್ತಲಿನ ಊರುಗಳೂ ನಡುಗಿದವು. ಮರುತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಮಂದಿ ಸತ್ತರು.

ಅಪಾಯಕಾರಿ ಪದಾರ್ಥಗಳನ್ನು ನಿಗದಿತ ಪ್ರಮಾಣ ಮೀರಿ ಇಡುವವರು 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯದೆಯಂತೆ ವಿಮೆ ಮಾಡಿಸತಕ್ಕದ್ದು. ತಪ್ಪು ಯಾರದೆಂದು ಸಾಬೀತು ಮಾಡದೆಯೇ, ಐದು ವರ್ಷದೊಳಗೆ ಜಿಲ್ಲಾಧಿಕಾರಿಗೆ ಅರ್ಜಿ ಕೊಟ್ಟು ಪರಿಹಾರ ಕೇಳಬಹುದು. ಇದು ಕಾರ್ಮಿಕರಿಗಲ್ಲ, ಹೊರಗಿನ ಜನರಿಗೆ. ಕಾರ್ಮಿಕರ ಪರಿಹಾರದ ಹೊಣೆ ಬೇರೆ ಕಾನೂನಿನಂತೆ ಮಾಲೀಕನದೇ.

ಸಹಿಗೆ ಮುನ್ನ ಮಾಡಬೇಕಾದದ್ದು

1. ಒಂದು ವರ್ಷ ಮೀರಿದ ಗುತ್ತಿಗೆಯನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಖಾಲಿ ಕಾಗದಕ್ಕೆ ಸಹಿ ಬೇಡ.

2. ಎಷ್ಟು ಆಳ, ಬದುವಿನಿಂದ ಎಷ್ಟು ದೂರ ಎಂಬುದನ್ನು ನಕ್ಷೆ ಸಮೇತ ಬರೆಸಿ. ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿ ಕಾಯ್ದಿಡುವ ಷರತ್ತೂ ಇರಲಿ.

3. ಗುಂಡಿಯ ಲೆಕ್ಕ ಮಾಡಿ, ಆ ಮೊತ್ತಕ್ಕೆ ನಿಮ್ಮ ಹೆಸರಿನಲ್ಲಿ ಬ್ಯಾಂಕ್ ಗ್ಯಾರಂಟಿ ಕೇಳಿ. ಅದರ ಅವಧಿ ಗುತ್ತಿಗೆ ಮುಗಿದು ಒಂದು ವರ್ಷದ ವರೆಗೂ ಇರಲಿ. ಆಳ ಹೆಚ್ಚಿದಂತೆ ಮೊತ್ತವೂ ಹೆಚ್ಚಲಿ.

4. ಮನೆ, ಬಾವಿ, ದನಕರುಗಳ ಹಾನಿಗೂ ವಿಮೆ ಇದೆಯೇ ನೋಡಿ. ಪಾಲಿಸಿಯ ಪ್ರತಿಯನ್ನೂ ಪ್ರತಿ ವರ್ಷದ ಕಂತಿನ ರಸೀದಿಯನ್ನೂ ಪಡೆಯಿರಿ.

5. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಗುತ್ತಿಗೆ ಪತ್ರ, ಪರಿಸರ ಅನುಮತಿ, ಸ್ಫೋಟಕಗಳ ಪರವಾನಗಿ ನೋಡದೆ ಮುಂದುವರಿಯಬೇಡಿ. ಐದು ಹೆಕ್ಟೇರಿಗಿಂತ ಚಿಕ್ಕ ಗಣಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟು 2012ರಲ್ಲೇ ಹೇಳಿದೆ. ಖಡಿ ಯಂತ್ರಕ್ಕೆ ರಾಜ್ಯದ 2011ರ ಕಾಯದೆಯಂತೆ ಬೇರೆ ಪರವಾನಗಿ ಬೇಕು.

6. ಮೊದಲ ಸ್ಫೋಟಕ್ಕೆ ಮುನ್ನ ಗೋಡೆಗಳ ಫೋಟೊ ತೆಗೆಸಿ, ಬಾವಿಯ ನೀರಿನ ಮಟ್ಟ ಅಳೆದು, ಪಂಚರ ಸಹಿ ಹಾಕಿಸಿ ಇಟ್ಟುಕೊಳ್ಳಿ. ಮುಂದೆ ಬಿರುಕು ಬಿಟ್ಟರೆ, ನೀರು ಇಳಿದರೆ ಇದೇ ಸಾಕ್ಷಿ.

ಒಬ್ಬನೇ ಕೇಳಿದರೆ ಗುತ್ತಿಗೆದಾರ ಪಕ್ಕದ ಹೊಲಕ್ಕೆ ಹೋದಾನು. ಆದ್ದರಿಂದ ಅಕ್ಕಪಕ್ಕದ ಹೊಲದವರೆಲ್ಲ ಕೂಡಿ ಒಂದೇ ಷರತ್ತು ಇಡುವುದು ಲೇಸು. ಈ ಬರಹವನ್ನು ವಾಚನಾಲಯದಲ್ಲಿ ಓದು ಬಾರದವರಿಗೂ ಓದಿ ಹೇಳಿ. ಗುತ್ತಿಗೆ ಹಣ ಕೆಲವು ವರ್ಷಗಳಲ್ಲಿ ಕರಗುತ್ತದೆ. ಪಹಣಿಯಲ್ಲಿ ನಿಮ್ಮ ಮಕ್ಕಳ ಹೆಸರಿಗೆ ಬರುವುದು ಹೊಲವೋ ಗುಂಡಿಯೋ ಎಂಬುದು ಸಹಿ ಹಾಕುವ ದಿನವೇ ತೀರ್ಮಾನವಾಗುತ್ತದೆ.