ನಿತ್ಯದ ಅಡಿಗೆಗೆ ಕೊಬ್ಬರಿ ಎಣ್ಣೆ ತಕ್ಕುದೇ?

ಹಿರೇಕೆರೂರು ಸೀಮೆಯ ಮಾಸೂರು ಮಲೆನಾಡಿನ ಸೆರಗಿಗೂ ಬಯಲು ನಾಡಿಗೂ ನಡುವೆ ಇರುವ ಊರು. ಕುಮುದ್ವತಿ ಹೊಳೆಯ ಮದಗದ ಕೆರೆಯ ಹೆಸರಿನೊಡನೆ ಈ ಊರಿನ ಹೆಸರೂ ಕೂಡಿಯೇ ಬರುತ್ತದೆ. ಮಳೆಯನ್ನೇ ನಂಬಿದ ಹೊಲಗಳಲ್ಲಿ ಗೋವಿನಜೋಳ, ಹತ್ತಿಗಳನ್ನು ಬೆಳೆಯುವ ಈ ಭಾಗದಲ್ಲಿ, ನೀರಿನ ಆಸರೆಯುಳ್ಳವರು ಅಡಿಕೆ, ತೆಂಗುಗಳನ್ನೂ ಮಾಡಿಕೊಂಡಿರುತ್ತಾರೆ. ಹಿತ್ತಲಿನಲ್ಲಿ ಹತ್ತು ತೆಂಗಿನ ಮರಗಳಿರುವ ಯಜಮಾನನಿಗೆ ಒಂದು ವಿಚಾರ ಸಹಜವಾಗಿಯೇ ಹೊಳೆಯುತ್ತದೆ. ಮನೆಯ ಕಾಯನ್ನೇ ಒಣಗಿಸಿ, ಗಾಣಕ್ಕೆ ಕಳಿಸಿ, ಆ ಎಣ್ಣೆಯಲ್ಲಿಯೇ ವರುಷವಿಡೀ ಅಡಿಗೆ ಮಾಡಿದರೆ ಪೇಟೆಯ ಎಣ್ಣೆಯ ಖರ್ಚು ಉಳಿಯುವುದಿಲ್ಲವೇ? ಇದಕ್ಕೆ ಸರಿಯಾಗಿ, ಕೊಬ್ಬರಿ ಎಣ್ಣೆಯು ಹೃದಯಕ್ಕೆ ಹಿತಕರವೆಂದೂ ಬೊಜ್ಜನ್ನು ಕರಗಿಸುವುದೆಂದೂ ಇತ್ತೀಚಿನ ವರುಷಗಳಲ್ಲಿ ಬಹಳವಾಗಿ ಹೇಳಲಾಗುತ್ತಿದೆ. ವೈದ್ಯರಾದರೋ ಇದನ್ನು ಮಿತವಾಗಿ ಬಳಸಿರೆನ್ನುತ್ತಾರೆ. ಈ ಎರಡು ಮಾತುಗಳಲ್ಲಿ ಯಾವುದು ಗ್ರಾಹ್ಯವೆಂಬುದನ್ನು ಇಲ್ಲಿ ವಿಚಾರಿಸುವೆವು.

ಹಿಂದಿನವರು ತಮ್ಮ ತಮ್ಮ ಮಣ್ಣಿನಲ್ಲಿ ಬೆಳೆದ ಕಾಳಿನ ಎಣ್ಣೆಯನ್ನೇ ಉಣ್ಣುತ್ತಿದ್ದರು. ಕರಾವಳಿಯವರಿಗೆ ತೆಂಗೇ ಬೆಳೆಯಾದುದರಿಂದ ಅವರ ಒಗ್ಗರಣೆಗೆ ಕೊಬ್ಬರಿ ಎಣ್ಣೆಯೇ ಬಂದಿತು. ಧಾರವಾಡ ಸೀಮೆಯ ಎರೆ ಹೊಲಗಳಲ್ಲಿ ಹಿಂಗಾರಿ ಜೋಳದ ಸುತ್ತ ಕುಸುಬಿಯ ಸಾಲುಗಳನ್ನು ಬಿತ್ತುವ ರೂಢಿಯಿತ್ತು. ಅದರ ಮುಳ್ಳಿಗೆ ಹೆದರಿ ದನಗಳು ಪೈರಿಗೆ ಬಾಯಿ ಹಾಕುತ್ತಿರಲಿಲ್ಲ. ಕೊನೆಗೆ ಮನೆಗೆ ಎಣ್ಣೆಯೂ ಒದಗುತ್ತಿತ್ತು. ಮಸಾರಿ ಮಣ್ಣಿನಲ್ಲಿ ಶೇಂಗಾ ಬೆಳೆಯಿತು. ಎಳ್ಳು, ಗುರೆಳ್ಳು, ಅಗಸಿಗಳು ಅಕ್ಕಡಿಯಾಗಿ ಬಂದವು. ಕೊಬ್ಬರಿಯು ಈ ಸೀಮೆಯವರಿಗೆ ಹಬ್ಬದ ಹೂರಣಕ್ಕೂ ಚಟ್ನಿಗೂ ಬೇಕಾದ ಪದಾರ್ಥವಾಗಿತ್ತೇ ಹೊರತು, ದಿನದ ಎಣ್ಣೆಯ ಮೂಲವಾಗಿರಲಿಲ್ಲ.

ಈಗ ಎಣ್ಣೆಯ ಗುಣವನ್ನು ನೋಡುವ. ಯಾವ ಎಣ್ಣೆಯೇ ಆಗಲಿ, ಒಂದು ಗ್ರಾಮಿನಿಂದ ದೇಹಕ್ಕೆ ದೊರೆಯುವ ಶಕ್ತಿ ಸುಮಾರು 9 ಕ್ಯಾಲರಿ. ಇದರಲ್ಲಿ ಕೊಬ್ಬರಿ ಎಣ್ಣೆಗೂ ಕುಸುಬಿ ಎಣ್ಣೆಗೂ ಹೇಳುವಂಥ ಭೇದವಿಲ್ಲ. ಭೇದವಿರುವುದು ಕೊಬ್ಬಿನ ಜಾತಿಯಲ್ಲಿ. ಚಳಿಗೆ ಹೆಪ್ಪುಗಟ್ಟುವ ಸ್ವಭಾವದ ಕೊಬ್ಬಿಗೆ ಸಂತೃಪ್ತ ಕೊಬ್ಬೆಂದೂ, ದ್ರವವಾಗಿಯೇ ಉಳಿಯುವುದಕ್ಕೆ ಅಸಂತೃಪ್ತ ಕೊಬ್ಬೆಂದೂ ಹೆಸರು. ಚಳಿಗಾಲದ ಬೆಳಿಗ್ಗೆ ಶೀಸೆಯಲ್ಲಿಯ ಕೊಬ್ಬರಿ ಎಣ್ಣೆಯು ಬೆಳ್ಳಗೆ ಗಟ್ಟಿಯಾಗಿರುವುದನ್ನು ಎಲ್ಲರೂ ಕಂಡಿದ್ದಾರೆ. ಅದರಲ್ಲಿ 100ಕ್ಕೆ ಸುಮಾರು 90 ಪಾಲು ಸಂತೃಪ್ತ ಕೊಬ್ಬೇ ಇರುವುದು ಇದಕ್ಕೆ ಕಾರಣ. ತುಪ್ಪದಲ್ಲಿ ಇದು 60 ಪಾಲಿನಷ್ಟು, ಶೇಂಗಾ ಎಣ್ಣೆಯಲ್ಲಿ 18ರಿಂದ 20, ಎಳ್ಳೆಣ್ಣೆಯಲ್ಲಿ 15, ಕುಸುಬಿ ಎಣ್ಣೆಯಲ್ಲಿ 9 ಅಥವಾ 10 ಪಾಲು ಮಾತ್ರ.

ಈ ಅಂಕಿಗಳ ಅರ್ಥವು ಒಂದು ಸಣ್ಣ ಲೆಕ್ಕದಿಂದ ಸ್ಪಷ್ಟವಾಗುವುದು. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ಸೂಚನೆಯಂತೆ, ದಿನದ ಆಹಾರಶಕ್ತಿಯಲ್ಲಿ ಸಂತೃಪ್ತ ಕೊಬ್ಬಿನ ಪಾಲು ಶೇಕಡಾ 10ನ್ನು ಮೀರಬಾರದು. 2000 ಕ್ಯಾಲರಿಯ ಆಹಾರಕ್ಕೆ ಇದು ಸುಮಾರು 22 ಗ್ರಾಮು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರ ಮಾರ್ಗದರ್ಶಿಯಲ್ಲಿ ಅಂಥದೇ ಆಹಾರಕ್ಕೆ 27 ಗ್ರಾಮು ಎಣ್ಣೆ-ಕೊಬ್ಬನ್ನು ಹೇಳಿದೆ. ಈ 27 ಗ್ರಾಮನ್ನೂ ಕೊಬ್ಬರಿ ಎಣ್ಣೆಯಿಂದಲೇ ತುಂಬಿದರೆ ಸಂತೃಪ್ತ ಕೊಬ್ಬು ಸುಮಾರು 24 ಗ್ರಾಮು ಆಗುವುದು. ಎಂದರೆ, ಹಾಲು, ಮೊಸರು, ಬೆಣ್ಣೆಗಳ ಲೆಕ್ಕ ಹಿಡಿಯುವ ಮೊದಲೇ ಮಿತಿ ದಾಟಿದಂತಾಯಿತು. ಅದೇ ತೂಕದ ಶೇಂಗಾ ಎಣ್ಣೆಯಿಂದ ಸುಮಾರು 5 ಗ್ರಾಮು, ಕುಸುಬಿ ಎಣ್ಣೆಯಿಂದ ಎರಡೂವರೆ ಗ್ರಾಮು ಮಾತ್ರ ಆಗುವುದು.

ಇದು ಬರಿಯ ಲೆಕ್ಕವಲ್ಲ. ಮನುಷ್ಯರ ಮೇಲೆ ನಡೆಸಿದ ಪ್ರಯೋಗಗಳೂ ಇದನ್ನೇ ತೋರಿಸಿವೆ. 16 ಪ್ರಯೋಗಗಳ ಫಲಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಸಾಮಾನ್ಯ ಕಾಳಿನೆಣ್ಣೆಗಳಿಗೆ ಹೋಲಿಸಿದರೆ ಕೊಬ್ಬರಿ ಎಣ್ಣೆಯು ರಕ್ತದಲ್ಲಿಯ ಎಲ್.ಡಿ.ಎಲ್. ಎಂಬ ಕೆಡುಕಿನ ಕೊಲೆಸ್ಟರಾಲನ್ನು ಡೆಸಿಲೀಟರಿಗೆ ಸುಮಾರು 10 ಮಿಲಿಗ್ರಾಮಿನಷ್ಟು ಏರಿಸುತ್ತದೆ. ಈ ಪದಾರ್ಥವು ರಕ್ತನಾಳಗಳ ಒಳಗೋಡೆಯಲ್ಲಿ ಕೂಡುತ್ತ ಹೋಗಿ, ಕಾಲಾಂತರದಲ್ಲಿ ಹೃದಯಾಘಾತಕ್ಕೆ ದಾರಿ ಮಾಡುತ್ತದೆ. ಸಂತೃಪ್ತ ಕೊಬ್ಬನ್ನು ತೆಗೆದು ಅದರ ಸ್ಥಾನದಲ್ಲಿ ಕಾಳಿನೆಣ್ಣೆ ಬಳಸಿದ ಪ್ರಯೋಗಗಳಲ್ಲಿ ಹೃದ್ರೋಗವು ಶೇಕಡಾ 30ರಷ್ಟು ಕಡಿಮೆಯಾಯಿತೆಂದು ಅಮೇರಿಕದ ಹೃದಯ ಸಂಘವು 2017ರಲ್ಲಿ ತಿಳಿಸಿ, ಕೊಬ್ಬರಿ ಎಣ್ಣೆಯ ಬಳಕೆ ಬೇಡವೆಂದು ಸಲಹೆ ಕೊಟ್ಟಿತು.

ಇದಕ್ಕೆ ಪ್ರತಿಯಾಗಿ ಹೇಳುವ ಮಾತುಗಳನ್ನೂ ಕೇಳಬೇಕು. ಶಾಂತಸಾಗರದ ಟೊಕೆಲಾವು ದ್ವೀಪದವರು ಆಹಾರಶಕ್ತಿಯ ಅರ್ಧಕ್ಕೂ ಮಿಕ್ಕಿದ ಪಾಲನ್ನು ತೆಂಗಿನಿಂದಲೇ ಪಡೆಯುತ್ತಿದ್ದರೂ ಅವರಲ್ಲಿ ಹೃದ್ರೋಗ ವಿರಳವಾಗಿತ್ತೆಂದು 1981ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳುತ್ತದೆ. ಇದು ನಿಜ. ಆದರೆ ಅವರು ತಿನ್ನುತ್ತಿದ್ದುದು ನಾರಿನ ಸಮೇತ ತೆಂಗಿನ ತಿರುಳನ್ನು. ಜೊತೆಗೆ ಮೀನು ಹೇರಳ, ಸಕ್ಕರೆ ತೀರ ಕಡಿಮೆ. ತೆಂಗನ್ನು ಹೆಚ್ಚು ತಿನ್ನುತ್ತಿದ್ದ ದ್ವೀಪದವರಲ್ಲಿ ಕೊಲೆಸ್ಟರಾಲ್ ಹೆಚ್ಚಾಗಿಯೇ ಇತ್ತೆಂಬುದೂ ಅದೇ ಅಧ್ಯಯನದಲ್ಲಿದೆ. ಬೊಜ್ಜು ಕರಗುವ ಮಾತಿಗೆ ಆಧಾರವಾದ ಪ್ರಯೋಗಗಳು ಬಹುಮಟ್ಟಿಗೆ ಬೇರೆಯಾಗಿ ತಯಾರಿಸಿದ ಒಂದು ವಿಶೇಷ ಎಣ್ಣೆಯಿಂದ ನಡೆದವು. ಅದರ ಅಂಶಗಳು ಕೊಬ್ಬರಿ ಎಣ್ಣೆಯಲ್ಲಿರುವುದು ಸ್ವಲ್ಪವೇ. ಕೊಬ್ಬರಿ ಎಣ್ಣೆಯಿಂದ ಒಳ್ಳೆಯ ಕೊಲೆಸ್ಟರಾಲೂ ತುಸು ಏರುವುದುಂಟು. ಆದರೆ ಆ ಏರಿಕೆಯಿಂದ ಹೃದ್ರೋಗ ತಪ್ಪುವುದೆಂಬುದು ಸಿದ್ಧವಾಗಿಲ್ಲ.

ಈ ಎಣ್ಣೆಗೆ ಗುಣಗಳಿಲ್ಲವೆಂದಲ್ಲ. ಅದು ಬೇಗನೆ ಕಮಟು ಹಿಡಿಯುವುದಿಲ್ಲ. ಕಾಯಿಸಿದಾಗ ಕುಸುಬಿ ಎಣ್ಣೆಯಷ್ಟು ಶೀಘ್ರವಾಗಿ ಕೆಡುವುದಿಲ್ಲ. ವನಸ್ಪತಿಯನ್ನು ತಯಾರಿಸುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಇದರಲ್ಲಿಲ್ಲ. ಆದುದರಿಂದ ಇದನ್ನು ವಿಷವೆನ್ನುವುದು ಹೇಗೆ ತಪ್ಪೋ, ಔಷಧವೆನ್ನುವುದೂ ಹಾಗೆಯೇ ತಪ್ಪು.

ಜಮೀನುದಾರರು ಆದಾಯದ ಕಡೆಯಿಂದಲೂ ವಿಚಾರಿಸತಕ್ಕದ್ದು. ಒಂದು ಕಿಲೋ ಕೊಬ್ಬರಿಗೆ ಸುಮಾರು 6ರಿಂದ 7 ಕಾಯಿ ಬೇಕು. ಅದರಲ್ಲಿ ಎಣ್ಣೆ ಬರುವುದು ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆ. ಐದು ಜನರ ಮನೆಗೆ ಮೇಲಿನ ಪ್ರಮಾಣದಂತೆ ತಿಂಗಳಿಗೆ ಸುಮಾರು 4 ಕಿಲೋ ಎಣ್ಣೆ ಹಿಡಿದರೆ, ವರುಷಕ್ಕೆ 500 ಕಾಯಿಗಳಷ್ಟು ಗಾಣಕ್ಕೆ ಹೋಗುವುವು. ಆ ಕಾಯಿಗಳನ್ನು ಎಳನೀರಾಗಿಯೋ ಕಾಯಾಗಿಯೋ ಮಾರಿದರೆ ಬರುವ ಹಣವನ್ನೂ ಅಷ್ಟು ಶೇಂಗಾ ಎಣ್ಣೆಯ ಬೆಲೆಯನ್ನೂ ಒಂದೇ ಹಾಳೆಯ ಮೇಲೆ ಬರೆದು ನೋಡಿದ ಬಳಿಕವೇ, ಮನೆಯ ಎಣ್ಣೆ ಪುಕ್ಕಟೆ ಬಂದಿತೆಂದು ಹೇಳಬಹುದು.

ಒಟ್ಟಿನಲ್ಲಿ ವಾಚಕರು ಲಕ್ಷ್ಯದಲ್ಲಿಡತಕ್ಕ ಸಂಗತಿಗಳು ಇವು:

1. ದಿನದ ಅಡಿಗೆಗೆ ಶೇಂಗಾ, ಕುಸುಬಿ, ಎಳ್ಳು ಮೊದಲಾದ ಕಾಳಿನೆಣ್ಣೆಗಳನ್ನು ಸರದಿಯಂತೆ ಬಳಸಬೇಕು. ಒಂದೇ ಎಣ್ಣೆಗೆ ಕಟ್ಟುಬೀಳಬಾರದು.

2. ಕೊಬ್ಬರಿ ಎಣ್ಣೆಯನ್ನು ರುಚಿಗೆಂದು ಅಪರೂಪವಾಗಿ, ಅಳತೆಯಿಂದ ಬಳಸಬಹುದು. ಆ ದಿನ ತುಪ್ಪ, ಬೆಣ್ಣೆಗಳನ್ನು ಕಡಿಮೆ ಮಾಡಬೇಕು. ಹೃದ್ರೋಗವಾಗಲಿ ಕೊಲೆಸ್ಟರಾಲಿನ ದೋಷವಾಗಲಿ ಇದ್ದವರು ವೈದ್ಯರನ್ನು ಕೇಳಿಯೇ ನಡೆಯತಕ್ಕದ್ದು.

3. ಕಾಯನ್ನೂ ಕೊಬ್ಬರಿಯನ್ನೂ ಚಟ್ನಿ, ಪಲ್ಯಗಳಲ್ಲಿ ಹಿತಮಿತವಾಗಿ ಬಳಸುವುದೇ ಲೇಸು. ತಿರುಳಿನೊಡನೆ ನಾರೂ ಹೊಟ್ಟೆಗೆ ಸೇರುವುದು. ಬೂಷ್ಟು ಹಿಡಿದ ಕೊಬ್ಬರಿಯನ್ನು ತಿನ್ನಲೂ ಬಾರದು, ಗಾಣಕ್ಕೂ ಹಾಕಬಾರದು. ಬೂಷ್ಟಿನಲ್ಲಿ ಯಕೃತ್ತಿಗೆ ಕೇಡು ಮಾಡುವ ವಿಷ ಹುಟ್ಟುವುದುಂಟು.

4. ಅಗಸಿಯ ಚಟ್ನಿಪುಡಿಯನ್ನು ಮನೆಯಲ್ಲಿ ಬಿಡದಿರಬೇಕು. ಕಾಳಿನೆಣ್ಣೆಗಳಲ್ಲಿ ಕೊರತೆಯಾಗಿರುವ ಒಮೆಗಾ-3 ಎಂಬ ಕೊಬ್ಬು ಅಗಸಿಯಲ್ಲಿ ಯಥೇಷ್ಟವಾಗಿದೆ.

5. ಯಾವ ಎಣ್ಣೆಯಾದರೂ ಕರಿದುಳಿದುದನ್ನು ಮತ್ತೆ ಮತ್ತೆ ಕಾಯಿಸಬಾರದು.

ಹೊಲದ ಬದುವಿನಲ್ಲಿ ನಾಲ್ಕು ಸಾಲು ಕುಸುಬಿ ಅಥವಾ ಎಳ್ಳನ್ನು ಮನೆಯ ಮಟ್ಟಿಗಾದರೂ ಬಿತ್ತುವುದು ಎರೆಯ ಒಡೆಯರಿಗೆ ಅಸಾಧ್ಯವಲ್ಲ. ಅದರ ಹಿಂಡಿಯು ದನಕರುಗಳಿಗೂ ಆಗುವುದು. ಹಿಂದೆ ಒಕ್ಕಲಿಗನು ಉಂಡ ಎಣ್ಣೆಯನ್ನು ನೇಗಿಲ ಹಿಂದೆ ನಡೆದು ಕರಗಿಸುತ್ತಿದ್ದನು. ಈಗ ಟ್ರ್ಯಾಕ್ಟರು ಆ ನಡಿಗೆಯನ್ನು ತಪ್ಪಿಸಿದೆ. ಮನೆಗೆ ಆಧಾರನಾದವನು ನಡುವಯಸ್ಸಿನಲ್ಲಿ ಎದೆ ಹಿಡಿದುಕೊಂಡು ಬಿದ್ದರೆ ಹೊಲವೂ ಸಾಲವೂ ಎಳೆಯ ಮಕ್ಕಳ ಪಾಲಾಗುವುವು. ಆದುದರಿಂದ ಊರಿನ ಗೌಡರೂ ಹಿರಿಯರೂ ಮೊದಲು ತಮ್ಮ ಮನೆಯ ಒಲೆಯಲ್ಲಿ, ಬಳಿಕ ಜಾತ್ರೆ, ಲಗ್ನಗಳ ಅಡಿಗೆಯಲ್ಲಿ ಈ ಕ್ರಮವನ್ನು ನಡೆಸಿ ತೋರಿಸಿದರೆ ಉಳಿದವರು ತಾವಾಗಿಯೇ ಅನುಸರಿಸುವರು. ತೆಂಗು ತೋಟದಲ್ಲಿ ಬೆಳೆಯಲಿ, ಕಾಯಿ ಪೇಟೆಗೂ ಹಬ್ಬಕ್ಕೂ ಆಗಲಿ. ದಿನದ ಒಗ್ಗರಣೆಗೆ ಹೊಲದ ಕಾಳಿನ ಎಣ್ಣೆಯೇ ಇರಲಿ.